ಇಎಸ್‌ಪಿ32ಗೆ ನಾಲ್ಕು ಸಾಮಾನು ಜೋಡಿಸಿದ್ದೇನೆ, ಒಂದೂ ಸರಿಯಾಗಿ ಓದುತ್ತಿಲ್ಲ. ಎಲ್ಲಿಂದ ಹುಡುಕಲಿ?

ಮೂಡಿಗೆರೆ_ತೋಟ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಎಲೆಕ್ಟ್ರಾನಿಕ್ಸ್ ನನಗೆ ಪೂರ್ತಿ ಹೊಸದು, ವಿಡಿಯೋ ನೋಡಿ ಕಲಿಯುತ್ತಿದ್ದೇನೆ. ಆಸೆ ಇಷ್ಟೇ: ಕಣದಲ್ಲಿ ಕಾಫಿ ಒಣಗುವಾಗ ಗಾಳಿಯ ಬಿಸಿ ಮತ್ತು ತೇವ ಗೊತ್ತಾಗಬೇಕು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಆದಮೇಲೆ ಫರ್ಮೆಂಟೇಶನ್ ತೊಟ್ಟಿಯ ಬಿಸಿ ಗೊತ್ತಾಗಬೇಕು, ಗಿಡದ ಬುಡದಲ್ಲಿ ಮಣ್ಣಿನ ತೇವ ಎಷ್ಟಿದೆ ನೋಡಬೇಕು. ಕೊನೆಗೆ ಸ್ಪ್ರಿಂಕ್ಲರ್ ಮೋಟರ್‌ನ ಫೋನಿಂದ ಆನ್ ಆಫ್ ಮಾಡಬೇಕು.

ತಂದಿರುವುದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಸಣ್ಣ ಮೈಕ್ರೋಕಂಟ್ರೋಲರ್), ಗಾಳಿಯ ಬಿಸಿ ಮತ್ತು ತೇವ ಓದುವ ಡಿಎಚ್‌ಟಿ22, ನೀರಿಗೆ ಇಳಿಸುವ ಬಿಸಿಯ ಸೆನ್ಸರ್ ಡಿಎಸ್18ಬಿ20, ಕೆಪಾಸಿಟಿವ್ ಮಣ್ಣಿನ ಸೆನ್ಸರ್, ಬೋರ್ಡ್ ಹೇಳಿದಂತೆ ಸ್ವಿಚ್ ಹಾಕಿ ತೆಗೆಯುವ ಒಂದು ರಿಲೇ ಮಾಡ್ಯೂಲ್. ಎಲ್ಲವನ್ನೂ ಒಂದೇ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ತೂತಿನ ಹಲಗೆ) ಮೇಲೆ ಜೋಡಿಸಿದೆ. ಈಗಿನ ಸ್ಥಿತಿ ಹೀಗಿದೆ. ತೊಟ್ಟಿಯ ಸೆನ್ಸರ್ ಯಾವಾಗಲೂ ಮೈನಸ್ 127 ಡಿಗ್ರಿ ತೋರಿಸುತ್ತದೆ. ಮಣ್ಣಿನದು ವೈಫೈ ಆನ್ ಆದ ತಕ್ಷಣ ನಿಂತುಹೋಗುತ್ತದೆ. ಡಿಎಚ್‌ಟಿ ಮೇಜಿನ ಮೇಲೆ ಚೆನ್ನಾಗಿ ಓದುತ್ತದೆ, ಕಣದವರೆಗೆ ವೈರ್ ಎಳೆದರೆ ಬರೀ ಎರರ್. ರಿಲೇ ಟಕ್ ಅಂದರೆ ಬೋರ್ಡೇ ರೀಸ್ಟಾರ್ಟ್. ಕೆಲವು ಸಲ ಬೋರ್ಡ್ ಶುರುವೇ ಆಗುವುದಿಲ್ಲ. ಕೋಡ್ ತಪ್ಪಿದೆಯಾ?

ಹಾಸನ_ಬೆಸುಗೆ

ಕೋಡ್ ಸದ್ಯಕ್ಕೆ ಪಕ್ಕಕ್ಕಿಡಿ ಸರ್. ನೀವು ಹೇಳಿದ ಲಕ್ಷಣಗಳೆಲ್ಲ ವೈರಿಂಗ್ ಕಡೆಯವು. ಯಾವ ಸಾಮಾನಿನ ಯಾವ ಕಾಲು ಬೋರ್ಡಿನ ಯಾವ ಪಿನ್‌ಗೆ ಹೋಗಿದೆ, ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ, ಬರೆದು ಹೇಳಿ. ಫೋಟೋ ಬೇಡ. ವೈರ್ ಒಂದೊಂದೇ ಕೈಯಲ್ಲಿ ಹಿಡಿದು ನೋಡಿ ಬರೆದರೆ ಅರ್ಧ ತಪ್ಪು ನಿಮಗೇ ಕಾಣುತ್ತದೆ.

ಮೂಡಿಗೆರೆ_ತೋಟ

ಸರಿ ಸರ್, ನೋಡಿ ಬರೆದಿದ್ದೇನೆ. ಡಿಎಚ್‌ಟಿ22 ಡೇಟಾ 4ನೇ ಪಿನ್‌ಗೆ. ಡಿಎಸ್18ಬಿ20 ಹಳದಿ ವೈರ್ 35ಕ್ಕೆ, ಮಧ್ಯೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೇನೆ. ಮಣ್ಣಿನ ಸೆನ್ಸರ್ 27ಕ್ಕೆ. ರಿಲೇ 12ಕ್ಕೆ. ಸೆನ್ಸರ್‌ಗಳಿಗೆ 3.3 ವೋಲ್ಟ್, ರಿಲೇಗೆ ಬೋರ್ಡಿನ 5 ವೋಲ್ಟ್ ಪಿನ್ನಿಂದ. ಬೋರ್ಡ್‌ಗೆ ಲ್ಯಾಪ್‌ಟಾಪ್ ಯುಎಸ್‌ಬಿ. ಡಿಎಚ್‌ಟಿಗೆ ಕಣದವರೆಗೆ ಎಳೆದದ್ದು ಹಳೆಯ ಟೆಲಿಫೋನ್ ವೈರ್, ಸುಮಾರು 25 ಮೀಟರ್.

ಇಸಿ_ಮೂರನೇವರ್ಷ

ಅಂಕಲ್, ಇದರಲ್ಲಿ ಮೂರು ಪಿನ್ ಬದಲಾಯಿಸಲೇಬೇಕು. ಇಎಸ್‌ಪಿ32ನಲ್ಲಿ ಎಲ್ಲ ಪಿನ್ ಒಂದೇ ಥರ ಅಲ್ಲ.

35 ಇನ್‌ಪುಟ್ ಮಾತ್ರ. 34, 35, 36, 39 ಈ ನಾಲ್ಕೂ ಅಷ್ಟೇ, ಅವು ಹೊರಗೆ ಸಿಗ್ನಲ್ ಕಳಿಸಲಾರವು. ಆದರೆ ಡಿಎಸ್18ಬಿ20 ಜೊತೆ ಮಾತಾಡಲು ಒಂದೇ ವೈರ್ ಮೇಲೆ ಬೋರ್ಡ್ ಮೊದಲು ಕೇಳಬೇಕು, ಆಮೇಲೆ ಸೆನ್ಸರ್ ಉತ್ತರ ಕೊಡಬೇಕು. 35ರಿಂದ ಕೇಳಲು ಆಗುವುದೇ ಇಲ್ಲ. ಮೈನಸ್ 127 ಅನ್ನುವುದು ಬಿಸಿಯ ಲೆಕ್ಕ ಅಲ್ಲ, "ಸೆನ್ಸರ್ ಸಿಗಲಿಲ್ಲ" ಅಂತ ಲೈಬ್ರರಿ ಕೊಡುವ ಸಂಖ್ಯೆ.

27 ಅನಲಾಗ್ ಓದುತ್ತದೆ, ಆದರೆ ಅದು ಚಿಪ್‌ನ ಎರಡನೇ ಎಡಿಸಿಗೆ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) ಸೇರಿದ್ದು. ವೈಫೈ ಓಡುತ್ತಿದ್ದಾಗ ಎರಡನೇ ಎಡಿಸಿ ನಮಗೆ ಸಿಗುವುದಿಲ್ಲ. ಮಣ್ಣಿನ ಸೆನ್ಸರ್ ಅನ್ನು 32, 33, 34, 35 ಇವುಗಳಲ್ಲಿ ಒಂದಕ್ಕೆ ಹಾಕಿ. ಓದುವುದಷ್ಟೇ ಕೆಲಸ ಆದ್ದರಿಂದ ಇಲ್ಲಿ 34 ನಡೆಯುತ್ತದೆ.

12ನೇ ಪಿನ್ ಬೋರ್ಡ್ ಶುರುವಾಗುವ ಗಳಿಗೆಯಲ್ಲಿ ಹೈ (ಅಂದರೆ 3.3 ವೋಲ್ಟ್ ಕಡೆ; ಸೊನ್ನೆಯ ಕಡೆ ಇದ್ದರೆ ಲೋ) ಇದ್ದರೆ ಫ್ಲಾಶ್ ಮೆಮೊರಿಗೆ 3.3 ಬದಲು 1.8 ವೋಲ್ಟ್ ಕೊಡಬೇಕು ಅಂತ ಚಿಪ್ ತಿಳಿದುಕೊಳ್ಳುತ್ತದೆ. ರಿಲೇ ಮಾಡ್ಯೂಲ್ ಆ ಪಿನ್ ಅನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಬೋರ್ಡ್ ಶುರುವಾಗದೆ ಕೂರುವುದು ಇದಕ್ಕೇ. ರಿಲೇನ 26ಕ್ಕೆ ಹಾಕಿ.

ಹಾಸನ_ಬೆಸುಗೆ

ಸರಿಯಾಗಿ ಹೇಳಿದೆಯಮ್ಮ. ಪಿನ್ ವಿಷಯ ಮುಗಿಯಿತು. ಉಳಿದದ್ದನ್ನು ನಾನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ನನ್ನ ರಿಪೇರಿ ಟೇಬಲ್‌ಗೆ ಬರುವ ಹುಡುಗರೆಲ್ಲ ಎಡವುವುದು ಇಲ್ಲೇ.

ಯಾವ ಸಾಮಾನನ್ನೇ ಜೋಡಿಸಿ, ಮೊದಲು ಮೂರು ವಿಷಯ ಗೊತ್ತಿರಬೇಕು. ಅದಕ್ಕೆ ಎಷ್ಟು ವೋಲ್ಟ್ ಬೇಕು. ಅದರ ಸಿಗ್ನಲ್ ಎಷ್ಟು ವೋಲ್ಟ್‌ನಲ್ಲಿ ಹೊರಗೆ ಬರುತ್ತದೆ. ಅದು ಎಷ್ಟು ಕರೆಂಟ್ ಎಳೆಯುತ್ತದೆ. ಈ ಮೂರಕ್ಕೆ ಉತ್ತರ ಇಲ್ಲದೆ ವೈರ್ ಚುಚ್ಚಬಾರದು. ಕಲಿಯುವವರು ಹೆಚ್ಚಾಗಿ ಬಳಸುವ ಆರ್ಡುಯಿನೋ ಊನೋ 5 ವೋಲ್ಟ್ ಬೋರ್ಡ್. ಇಎಸ್‌ಪಿ32 3.3 ವೋಲ್ಟ್ ಬೋರ್ಡ್. ಊನೋಗೆ ಬರೆದ ವಿಡಿಯೋ ನೋಡಿಕೊಂಡು ಅದೇ ವೈರಿಂಗ್ ಇಎಸ್‌ಪಿಗೆ ಮಾಡಿದರೆ 5 ವೋಲ್ಟ್ ಸಿಗ್ನಲ್ ನೇರ ಪಿನ್ನೊಳಗೆ ನುಗ್ಗುತ್ತದೆ. ಒಂದೊಂದು ಸಲ ಅದೇ ದಿನ ಸುಟ್ಟುಹೋಗುತ್ತದೆ, ಒಂದೊಂದು ಸಲ ತಿಂಗಳುಗಟ್ಟಲೆ ನಡೆದು ಆಮೇಲೆ ಕೈಕೊಡುತ್ತದೆ. ಎರಡನೆಯದೇ ಜಾಸ್ತಿ ತಲೆನೋವು, ಯಾಕೆಂದರೆ ಆಗ ಕಾರಣ ಹುಡುಕುವುದು ಕಷ್ಟ.

ಊನೋದ ಒಂದು ಪಿನ್ನಿಂದ 20 ಮಿಲಿಆಂಪ್ ಒಳಗೆ ತೆಗೆದುಕೊಂಡರೆ ಒಳ್ಳೆಯದು. 40 ಅಂತ ಡೇಟಾಶೀಟ್‌ನಲ್ಲಿ ಬರೆದಿರುವುದು ಕೊನೆಯ ಗೆರೆ, ಅಲ್ಲಿ ನಿಂತು ಕೆಲಸ ಮಾಡಿಸಲು ಅಲ್ಲ. ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್ 70 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಅದಕ್ಕೇ ರಿಲೇ ಕಾಯಿಲ್ ಅನ್ನು ಯಾವ ಪಿನ್‌ಗೂ ನೇರ ಕಟ್ಟಬಾರದು, ಮಧ್ಯೆ ಟ್ರಾನ್ಸಿಸ್ಟರ್ ಇರಬೇಕು, ಕಾಯಿಲ್ ಮೇಲೆ ಉಲ್ಟಾ ಡಯೋಡ್ ಇರಬೇಕು. ರೆಡಿ ಮಾಡ್ಯೂಲ್‌ನಲ್ಲಿ ಇವೆರಡೂ ಇರುತ್ತವೆ.

ಈಗ ನಿಮ್ಮ ರೀಸ್ಟಾರ್ಟ್ ವಿಷಯ. ಇಎಸ್‌ಪಿ32 ವೈಫೈನಲ್ಲಿ ಡೇಟಾ ಕಳಿಸುವ ಕ್ಷಣದಲ್ಲಿ ನೂರಾರು ಮಿಲಿಆಂಪ್ ಎಳೆಯುತ್ತದೆ. ಅದೇ ಹೊತ್ತಿಗೆ ರಿಲೇಯೂ ಎಳೆದರೆ ತೆಳ್ಳಗಿನ ಯುಎಸ್‌ಬಿ ಕೇಬಲ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಚಿಪ್‌ನ ಒಳಗೆ ಬ್ರೌನ್‌ಔಟ್ ಡಿಟೆಕ್ಟರ್ ಇದೆ, ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಅದೇ ರೀಸೆಟ್ ಮಾಡುತ್ತದೆ. ಸೀರಿಯಲ್ ಮಾನಿಟರ್ ತೆರೆದಿಟ್ಟು ರಿಲೇ ಹಾಕಿ ನೋಡಿ, ಬ್ರೌನ್‌ಔಟ್ ಅಂತ ಒಂದು ಸಾಲು ಬರಬೇಕು. ಕೋಡ್‌ನಲ್ಲಿ ಆ ಡಿಟೆಕ್ಟರ್ ಅನ್ನೇ ಆಫ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಹಾಗೆ ಮಾಡಿದರೆ ಕಡಿಮೆ ವೋಲ್ಟೇಜ್‌ನಲ್ಲೇ ಚಿಪ್ ತೆವಳುತ್ತಾ ಏನೇನೋ ಬರೆಯುತ್ತದೆ. 5 ವೋಲ್ಟ್ 2 ಆಂಪ್‌ನ ಒಳ್ಳೆಯ ಚಾರ್ಜರ್, ಗಿಡ್ಡನೆಯ ದಪ್ಪ ಕೇಬಲ್, ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ಮಧ್ಯೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ ಮೈಮೇಲೆ ಬಿಳಿ ಪಟ್ಟಿ ಇರುವ ಕಾಲು ಗ್ರೌಂಡ್‌ಗೆ, ಉಲ್ಟಾ ಹಾಕಿದರೆ ಸಿಡಿಯುತ್ತದೆ.

ರಿಲೇಗೆ ಬೇರೆ ಸಪ್ಲೈ ಕೊಡುವುದಾದರೂ ಎರಡೂ ಸಪ್ಲೈಗಳ ಗ್ರೌಂಡ್ ಒಂದಾಗಿರಲಿ. ಸಿಗ್ನಲ್ ಅನ್ನುವುದು ಗ್ರೌಂಡ್‌ಗೆ ಹೋಲಿಸಿ ಅಳೆಯುವ ವೋಲ್ಟೇಜ್ ಅಲ್ವಾ, ಗ್ರೌಂಡ್ ಬೇರೆ ಬೇರೆ ಇದ್ದರೆ ಬೋರ್ಡಿಗೆ ಅದು ಅರ್ಥವೇ ಆಗುವುದಿಲ್ಲ.

ಡಿಎಚ್‌ಟಿ ವೈರ್: 25 ಮೀಟರ್ ಟೆಲಿಫೋನ್ ವೈರ್ ಆ ಸೆನ್ಸರ್‌ಗೆ ಮೀರಿದ್ದು. ವೈರ್ ಉದ್ದವಾದಷ್ಟೂ ಸಿಗ್ನಲ್‌ನ ಅಂಚು ಮೊಂಡಾಗುತ್ತದೆ. ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಸೊನ್ನೆ ಯಾವುದು ಒಂದು ಯಾವುದು ಅಂತ ಬೋರ್ಡ್ ಗುರುತಿಸಬೇಕು, ಅದು ತಪ್ಪಿದರೆ ಎರರ್. ಡೇಟಾ ಮತ್ತು 3.3 ವೋಲ್ಟ್ ಮಧ್ಯೆ 4.7 ಕಿಲೋ ಪುಲ್‌ಅಪ್ (ವೈರ್ ಅನ್ನು ಹೈ ಕಡೆಗೆ ಎಳೆದಿಡುವ ರೆಸಿಸ್ಟರ್) ಹಾಕಿದರೆ ಕೆಲವು ಮೀಟರ್ ಎಳೆಯಬಹುದು. ಆದರೆ ನನ್ನ ಅಭಿಪ್ರಾಯ ಬೇರೆ. ಸೆನ್ಸರ್ ವೈರ್ ಎಳೆಯಬೇಡಿ, ಬೋರ್ಡ್ ಅನ್ನೇ ಕಣದ ಹತ್ತಿರ ಇಡಿ. ನಿಮ್ಮ ಬೋರ್ಡ್‌ನಲ್ಲಿ ವೈಫೈ ಇದೆ, ದೂರ ಹೋಗಬೇಕಾದದ್ದು ಡೇಟಾ ಅಷ್ಟೇ. ಉದ್ದ ವೈರ್ ಏಪ್ರಿಲ್ ಮೇ ಗುಡುಗಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಆ ವೈರ್‌ನಲ್ಲಿ ಎದ್ದ ವೋಲ್ಟೇಜ್ ಸೀದಾ ಚಿಪ್‌ಗೇ ಬರುತ್ತದೆ.

ಕೊನೆಯದಾಗಿ, ಎಲ್ಲವನ್ನೂ ಬಿಚ್ಚಿ. ಒಂದೇ ಸೆನ್ಸರ್ ಹಾಕಿ, ಅದರದ್ದೇ ಉದಾಹರಣೆ ಪ್ರೋಗ್ರಾಮ್ ಓಡಿಸಿ, ಸರಿ ಓದಿದ ಮೇಲೆ ಮುಂದಿನದು. ನಾಲ್ಕನ್ನು ಒಟ್ಟಿಗೆ ಜೋಡಿಸಿದರೆ ನಾಲ್ಕು ತಪ್ಪು ಒಂದರ ಹಿಂದೆ ಒಂದು ಅಡಗಿಕೊಳ್ಳುತ್ತವೆ.

ಕಡೂರು_ವೈರ್

ಮೋಟರ್ ವಿಷಯ ನಾನು ಹೇಳಲೇಬೇಕು, ಊರಲ್ಲಿ ಸ್ಟಾರ್ಟರ್ ರಿಪೇರಿ ಮಾಡುವುದೇ ನನ್ನ ಕೆಲಸ.

ಅಣ್ಣ, ಆ ನೀಲಿ ರಿಲೇ ಮೇಲೆ 10 ಆಂಪ್ ಅಂತ ಬರೆದಿದೆ ಅಂತ ಅದಕ್ಕೆ ಮೋಟರ್ ಕಟ್ಟಬೇಡಿ. ಸ್ಪ್ರಿಂಕ್ಲರ್ ಮೋಟರ್ ತ್ರೀಫೇಸ್. ಶುರುವಾಗುವಾಗ ಓಡುವ ಕರೆಂಟ್‌ಗಿಂತ ಹಲವು ಪಟ್ಟು ಎಳೆಯುತ್ತದೆ. ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಫೋನಲ್ಲಿ ಆಫ್ ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ರಿಲೇ ಸ್ಟಾರ್ಟರ್‌ನ ಒಳಗಿನ ಕಾಂಟ್ಯಾಕ್ಟರ್ (ಮೋಟರ್‌ನ ಕರೆಂಟ್ ಹಾಕಿ ತೆಗೆಯುವ ದೊಡ್ಡ ಸ್ವಿಚ್) ಕಾಯಿಲ್ ಅನ್ನು ಮಾತ್ರ ಆಡಿಸಬೇಕು. ಓವರ್‌ಲೋಡ್ ರಿಲೇ, ಫೇಸ್ ಪ್ರಿವೆಂಟರ್ ಇವನ್ನು ಬೈಪಾಸ್ ಮಾಡಲೇಬಾರದು. ಒಂದು ಫೇಸ್ ಹೋದಾಗ ಮೋಟರ್ ಉಳಿಸುವುದು ಅವೇ. 415 ವೋಲ್ಟ್ ಇರುವ ಡಬ್ಬದೊಳಗೆ ಕೈ ಹಾಕುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ನಿಮ್ಮ ರಿಲೇಯ ಎರಡು ವೈರ್ ಹೊರಗೆ ತಂದುಕೊಡಿ ಅಂತ ಹೇಳಿ, ಅರ್ಧ ಗಂಟೆಯ ಕೆಲಸ.

ಕಾಂಟ್ಯಾಕ್ಟರ್ ಕಾಯಿಲ್ ಬಿಡುವಾಗ ಕಿಡಿ ಹಾರುತ್ತದೆ. ಅದರ ಗದ್ದಲಕ್ಕೂ ಬೋರ್ಡ್ ಹ್ಯಾಂಗ್ ಆಗುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಆ ಗದ್ದಲ ತಗ್ಗಿಸುವ ಸ್ನಬ್ಬರ್ ಹಾಕಿಸಿ, 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೇರಿಸಿದ್ದು. ಕೆಪಾಸಿಟರ್ ಎಕ್ಸ್2 (ಮೇನ್ಸ್‌ಗೆ ಅಂತಲೇ ಮಾಡಿದ್ದು) ಅಂತ ಬರೆದದ್ದೇ ಇರಲಿ, ಕಾಯಿಲ್‌ನ ವೋಲ್ಟೇಜ್‌ಗೆ ತಕ್ಕದ್ದಿರಲಿ.

ಇನ್ನೊಂದು. ಕರೆಂಟ್ ಹೋಗಿ ಬಂದಾಗ ಮೋಟರ್ ತಾನಾಗಿ ಶುರುವಾಗಬಾರದು. ಆ ಹೊತ್ತಿಗೆ ಯಾರೋ ಪೈಪ್ ಬಿಚ್ಚಿಕೊಂಡಿರಬಹುದು, ಫುಟ್‌ವಾಲ್ವ್ ಹತ್ತಿರ ಇಳಿದಿರಬಹುದು. ಕೋಡ್‌ನಲ್ಲಿ ಮೊದಲ ಸಾಲೇ ರಿಲೇ ಆಫ್ ಅಂತಿರಲಿ.

ಇಸಿ_ಮೂರನೇವರ್ಷ

ಅದಕ್ಕೆ ಸೇರಿಸುತ್ತೇನೆ. ಈ ರಿಲೇ ಮಾಡ್ಯೂಲ್‌ಗಳು ಹೆಚ್ಚಿನವು ಲೋ ಕೊಟ್ಟರೆ ಆನ್, ಹೈ ಕೊಟ್ಟರೆ ಆಫ್. ಹಾಗಾಗಿ ಪಿನ್ ಅನ್ನು ಔಟ್‌ಪುಟ್ ಮಾಡುವ ಮೊದಲೇ ಹೈ ಬರೆದಿಡಿ. ಇಲ್ಲದಿದ್ದರೆ ಶುರುವಿನಲ್ಲೇ ಒಂದು ಸಲ ಟಕ್ ಅನ್ನುತ್ತದೆ.

ಮಾಡ್ಯೂಲ್‌ಗೆ 5 ವೋಲ್ಟ್ ಕೊಟ್ಟು, ಸಿಗ್ನಲ್ 3.3 ವೋಲ್ಟ್‌ನಲ್ಲಿ ಬಂದರೆ ಮಧ್ಯೆ 1.7 ವೋಲ್ಟ್ ವ್ಯತ್ಯಾಸ ಉಳಿಯುತ್ತದೆ. ಕೆಲವು ಮಾಡ್ಯೂಲ್ ಅಷ್ಟಕ್ಕೇ ಅರ್ಧ ಆನ್ ಆಗಿ ಉಳಿಯುತ್ತವೆ, ರಿಲೇ ಬಿಡುವುದೇ ಇಲ್ಲ. ನಿಮ್ಮ ಮಾಡ್ಯೂಲ್‌ನಲ್ಲಿ ಜೆಡಿ-ವಿಸಿಸಿ ಅಂತ ಒಂದು ಜಂಪರ್ ಇದ್ದರೆ ಅದನ್ನು ಕಿತ್ತು, ಜೆಡಿ-ವಿಸಿಸಿಗೆ 5 ವೋಲ್ಟ್, ವಿಸಿಸಿಗೆ 3.3 ವೋಲ್ಟ್ ಕೊಡಿ. ಆಗ ಕಾಯಿಲ್‌ಗೆ ಬೇಕಾದ 5 ಸಿಗುತ್ತದೆ, ಸಿಗ್ನಲ್ ಕಡೆ ಎಲ್ಲ 3.3ರಲ್ಲೇ ಇರುತ್ತದೆ.

ಮೇಷ್ಟ್ರು_ಬೇಲೂರು

ಚರ್ಚೆ ಓದಿ ಖುಷಿಯಾಯಿತು. ನಮ್ಮ ಹೈಸ್ಕೂಲು ಮಕ್ಕಳಿಗೆ ಇದನ್ನೇ ಕಲಿಸಬೇಕು ಅಂತ ಹೊರಟಿದ್ದೇನೆ, ಊನೋ ಬೋರ್ಡ್‌ಗಳಿವೆ. ಅವರಿಗೆ ಎಲ್ಲಿಂದ ಶುರು ಮಾಡಿಸಲಿ? ಹೋದ ವಾರ ಒಬ್ಬ ಹುಡುಗ ಬಟನ್ ಜೋಡಿಸಿದ. ಒತ್ತದಿದ್ದರೂ ಎಲ್‌ಇಡಿ ತನ್ನಷ್ಟಕ್ಕೆ ಹೊತ್ತಿ ಆರುತ್ತಿತ್ತು. ಕೈ ಹತ್ತಿರ ತಂದರೂ ಬದಲಾಗುತ್ತಿತ್ತು. ಮಕ್ಕಳಿಗೆ ಅದೇ ದೊಡ್ಡ ಕುತೂಹಲ ಆಗಿಬಿಟ್ಟಿದೆ.

ಹಾಸನ_ಬೆಸುಗೆ

ಮೇಷ್ಟ್ರೇ, ಆ ಕುತೂಹಲದಿಂದಲೇ ಶುರು ಮಾಡಿ. ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಬಟನ್ ಒತ್ತದೆ ಇದ್ದಾಗ ಆ ಪಿನ್ 5 ವೋಲ್ಟ್‌ಗೂ ಸೇರಿಲ್ಲ, ಗ್ರೌಂಡ್‌ಗೂ ಸೇರಿಲ್ಲ. ಒಳಗಿನ ಚಿಪ್ ಎಷ್ಟು ಸೂಕ್ಷ್ಮ ಅಂದರೆ ಕೈಯಿಂದ, ಪಕ್ಕದ ಮೇನ್ಸ್ ವೈರ್‌ನಿಂದ ಬರುವ ಅಲೆಯನ್ನೂ ಹಿಡಿಯುತ್ತದೆ. ಒಂದು 10 ಕಿಲೋ ಓಮ್ ರೆಸಿಸ್ಟರ್ ಅನ್ನು ಪಿನ್ನಿಂದ 5 ವೋಲ್ಟ್‌ಗೆ ಹಾಕಿ, ಬಟನ್ ಅನ್ನು ಪಿನ್ ಮತ್ತು ಗ್ರೌಂಡ್ ಮಧ್ಯೆ ಹಾಕಿ. ಒತ್ತದಿದ್ದಾಗ ಹೈ, ಒತ್ತಿದಾಗ ಲೋ. ಆಮೇಲೆ ಆ ರೆಸಿಸ್ಟರ್ ಕಿತ್ತುಹಾಕಿ, ಪಿನ್ ಮೋಡ್‌ನಲ್ಲಿ ಇನ್‌ಪುಟ್ ಪುಲ್‌ಅಪ್ ಅಂತ ಬರೆದು ತೋರಿಸಿ. ಚಿಪ್‌ನ ಒಳಗೇ 20ರಿಂದ 50 ಕಿಲೋ ಓಮ್‌ನ ರೆಸಿಸ್ಟರ್ ಇರುತ್ತದೆ, ಅದು ಆನ್ ಆಗುತ್ತದೆ. ಮಕ್ಕಳೇ ಮೊದಲು ಕೈಯಿಂದ ಹಾಕಿ ನೋಡಿರುವುದರಿಂದ ಆ ಒಂದು ಸಾಲಿನ ಕೆಲಸ ಏನು ಅಂತ ಅವರಿಗೆ ಗೊತ್ತಿರುತ್ತದೆ.

ಎಲ್‌ಇಡಿಗೆ ರೆಸಿಸ್ಟರ್ ಲೆಕ್ಕವನ್ನೂ ಕರಿಹಲಗೆ ಮೇಲೆ ಮಾಡಿಸಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ, 5ರಲ್ಲಿ 3 ಉಳಿಯಿತು, 220 ಓಮ್‌ನಿಂದ ಭಾಗಿಸಿದರೆ 13.6 ಮಿಲಿಆಂಪ್. ಓಮ್‌ನ ನಿಯಮ ಪರೀಕ್ಷೆಗೆ ಮಾತ್ರ ಅಲ್ಲ ಅಂತ ಗೊತ್ತಾಗಲಿ.

ಅದಾದ ಮೇಲೆ ಎಲ್‌ಡಿಆರ್, ಅಂದರೆ ಬೆಳಕಿಗೆ ಬದಲಾಗುವ ರೆಸಿಸ್ಟರ್. ಬೆಳಕು ಬಿದ್ದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆ. ಬೋರ್ಡಿಗೆ ರೆಸಿಸ್ಟೆನ್ಸ್ ಓದಲು ಬರುವುದಿಲ್ಲ, ವೋಲ್ಟೇಜ್ ಮಾತ್ರ ಓದುತ್ತದೆ. ಅದಕ್ಕೇ ಎಲ್‌ಡಿಆರ್ ಜೊತೆ 10 ಕಿಲೋ ಸೇರಿಸಿ ಮಧ್ಯದ ಬಿಂದುವನ್ನು ಎ0 ಪಿನ್‌ಗೆ ಕೊಡಬೇಕು. ಊನೋ 0ಯಿಂದ 5 ವೋಲ್ಟ್ ಅನ್ನು 0ಯಿಂದ 1023ರವರೆಗಿನ ಸಂಖ್ಯೆ ಮಾಡಿ ಕೊಡುತ್ತದೆ. ಮಕ್ಕಳು ಕಿಟಕಿ ಹತ್ತಿರ ಹೋಗಿ, ಕೈ ಅಡ್ಡ ಹಿಡಿದು ಸಂಖ್ಯೆ ಬದಲಾಗುವುದನ್ನು ನೋಡಲಿ. ಬೆಂಚಿನ ಮೇಲೆ ಒಂದು ಮಲ್ಟಿಮೀಟರ್ ಇಟ್ಟು ಅದೇ ಬಿಂದುವಿನ ವೋಲ್ಟೇಜನ್ನೂ ಅಳೆಯಲಿ. 2.5 ವೋಲ್ಟ್ ಇದ್ದಾಗ 512ರ ಹತ್ತಿರ ಬಂತಾ ನೋಡಲಿ. ಇಷ್ಟು ಗಟ್ಟಿಯಾದರೆ ಮುಂದೆ ಯಾವ ಅನಲಾಗ್ ಸೆನ್ಸರ್ ಬಂದರೂ ಅವರು ಹೆದರುವುದಿಲ್ಲ.

ಅರಕಲಗೂಡು_ಟ್ಯಾಂಕ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮನೆ ಮೇಲಿನ ಟ್ಯಾಂಕ್‌ನಲ್ಲಿ ನೀರು ಎಷ್ಟಿದೆ ನೋಡಲು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ತಂದಿದ್ದೇನೆ. ಇಎಸ್‌ಪಿ32ಗೇ ಹಾಕಬೇಕು. 5 ವೋಲ್ಟ್ ಸೆನ್ಸರ್ ಅಂತ ಬರೆದಿದೆ. ಮೇಲಿನದನ್ನು ಓದಿ ಭಯ ಆಯಿತು, ಹಾಕಲೋ ಬೇಡವೋ?

ಇಸಿ_ಮೂರನೇವರ್ಷ

ಹಾಕಬಹುದು ಸರ್. ವಿಸಿಸಿಗೆ 5 ವೋಲ್ಟ್ ಕೊಡಿ. ಟ್ರಿಗ್ ಪಿನ್ ಅನ್ನು ನೇರ ಬೋರ್ಡಿಗೆ ಹಾಕಿ, 3.3 ವೋಲ್ಟ್ ಅದಕ್ಕೆ ಸಾಕು. ಎಕೋ ಪಿನ್ನಿಂದ 5 ವೋಲ್ಟ್ ಬರುತ್ತದೆ, ಅದನ್ನು ಇಳಿಸಬೇಕು. ಎಕೋದಿಂದ 1 ಕಿಲೋ, ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 2 ಕಿಲೋ. ಎರಡೂ ಸೇರುವ ಬಿಂದುವಿನಲ್ಲಿ 5ರ ಮೂರನೇ ಎರಡು ಭಾಗ, ಅಂದರೆ 3.3 ವೋಲ್ಟ್ ಸಿಗುತ್ತದೆ. ಅಲ್ಲಿಂದ ಬೋರ್ಡಿಗೆ. 2 ಕಿಲೋ ಸಿಗದಿದ್ದರೆ ಎರಡು 1 ಕಿಲೋನ ಸಾಲಾಗಿ ಸೇರಿಸಿ.

ಟ್ರಿಗ್‌ಗೆ 10 ಮೈಕ್ರೋಸೆಕೆಂಡ್ ಹೈ ಕೊಟ್ಟರೆ ಸದ್ದು ಹೊರಡುತ್ತದೆ. ಎಕೋ ಎಷ್ಟು ಮೈಕ್ರೋಸೆಕೆಂಡ್ ಹೈ ಇತ್ತೋ ಅದನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್. ಹೋಗಿ ಬರುವ ಎರಡೂ ದಾರಿ ಅದರಲ್ಲಿ ಸೇರಿದೆ.

ಟ್ಯಾಂಕ್ ಒಳಗೆ ಮಾತ್ರ ಆ ಸೆನ್ಸರ್ ಜಾಸ್ತಿ ದಿನ ಬಾಳುವುದಿಲ್ಲ. ಮುಚ್ಚಳದ ಅಡಿಯಲ್ಲಿ ಹಬೆ ಹನಿಯಾಗಿ ಕೂರುತ್ತದೆ. ನೀರು ತಾಗಿದರೂ ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ಅಂತ ಇದೆ, ಅದನ್ನು ನೋಡಿ. ಆದರೆ 20–25 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಅದು ಅಳೆಯುವುದಿಲ್ಲ, ಹಾಗಾಗಿ ತುಂಬಿದ ಟ್ಯಾಂಕಿನ ನೀರಿಗಿಂತ ಅಷ್ಟು ಎತ್ತರದಲ್ಲಿ ಕೂರಿಸಬೇಕು.

ಕೊಪ್ಪ_ಮಳೆ

ಮಳೆ ಅಳೆಯುವ ಟಿಪ್ಪಿಂಗ್ ಬಕೆಟ್ (ತುಂಬಿದಾಗಲೆಲ್ಲ ತಾನೇ ಮಗುಚುವ ಸಣ್ಣ ಬಕೆಟ್) ಬಗ್ಗೆ ಯಾರೂ ಹೇಳಲಿಲ್ಲ. ಮಲೆನಾಡಿನವರಿಗೆ ಮೊದಲ ಪ್ರಾಜೆಕ್ಟ್ ಅದೇ ಆಗಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. ನಮ್ಮ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ಬಿತ್ತು ಅನ್ನುವುದರ ಮೇಲೆ ವರ್ಷದ ಫಸಲು ನಿಂತಿದೆ. ತೋಟದ ಡೈರಿಯಲ್ಲಿ ಮಳೆ ಬರೆದಿಡುವ ಪದ್ಧತಿ ಅಜ್ಜನ ಕಾಲದಿಂದಲೂ ಇದೆ ಅಲ್ವಾ.

ಜೋಡಿಸುವುದೂ ಸುಲಭ. ಒಳಗಿರುವುದು ಒಂದು ಆಯಸ್ಕಾಂತ ಮತ್ತು ರೀಡ್ ಸ್ವಿಚ್. ಎರಡೇ ವೈರ್, ಒಂದು ಗ್ರೌಂಡ್‌ಗೆ, ಒಂದು ಪಿನ್‌ಗೆ. ಬಟನ್ ಥರಾನೇ. ಆದರೆ ಸ್ವಿಚ್ ಒಂದು ಸಲ ಸೇರುವಾಗ ಒಳಗೆ ಹಲವು ಸಲ ಪುಟಿಯುತ್ತದೆ, ಬೋರ್ಡ್ ಅದನ್ನೆಲ್ಲ ಎಣಿಸಿ ಸಣ್ಣ ಜಡಿಮಳೆಯನ್ನೇ ಪ್ರವಾಹ ಮಾಡಿಬಿಡುತ್ತದೆ. ಹೊರಗಿನಿಂದ 4.7 ಕಿಲೋ ಪುಲ್‌ಅಪ್, ಪಿನ್ ಮತ್ತು ಗ್ರೌಂಡ್ ಮಧ್ಯೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಒಂದು ಎಣಿಕೆ ಆದ ಮೇಲೆ 100 ಮಿಲಿಸೆಕೆಂಡ್ ಒಳಗೆ ಬಂದದ್ದನ್ನು ಕೋಡ್‌ನಲ್ಲಿ ಬಿಟ್ಟುಬಿಡಿ.

ಡಬ್ಬದ ಮೇಲೆ ಬರೆದ ಅಳತೆ ನಂಬಬೇಡಿ, ಮನೆಯಲ್ಲೇ ಪರೀಕ್ಷೆ ಮಾಡಿ. ಬಾಯಿ 16 ಸೆಂಟಿಮೀಟರ್ ಅಗಲದ ದುಂಡನೆಯ ಫನೆಲ್ ಇದ್ದರೆ ಅದರ ವಿಸ್ತೀರ್ಣ 201 ಚದರ ಸೆಂಟಿಮೀಟರ್. 0.2 ಮಿಲಿಮೀಟರ್ ಮಳೆಗೆ ಒಂದು ಸಲ ಮಗುಚಬೇಕಾದರೆ ಬಕೆಟ್ ಸುಮಾರು 4 ಎಂಎಲ್ ಹಿಡಿಯಬೇಕು. ಬಾಟಲಿಯ ಮುಚ್ಚಳಕ್ಕೆ ಸೂಜಿಯ ತೂತು ಮಾಡಿ 400 ಎಂಎಲ್ ನೀರು ನಿಧಾನಕ್ಕೆ ಇಳಿಸಿ. 100 ಎಣಿಕೆ ಬರಬೇಕು. ಹೆಚ್ಚುಕಡಿಮೆ ಬಂದರೆ ಬಕೆಟ್ ಅಡಿಯ ಸ್ಕ್ರೂ ತಿರುಗಿಸಿ. ಜುಲೈನ ಧೋ ಮಳೆಯಲ್ಲಿ ಬಕೆಟ್ ಮಗುಚುವಷ್ಟರಲ್ಲಿ ಸ್ವಲ್ಪ ನೀರು ಹಾದುಹೋಗುತ್ತದೆ, ಹಾಗಾಗಿ ಜೋರು ಮಳೆಯ ಲೆಕ್ಕ ಸ್ವಲ್ಪ ಕಡಿಮೆಯೇ ಬರುತ್ತದೆ.

ಮೂಡಿಗೆರೆ_ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲ ಬಿಚ್ಚಿ ಒಂದೊಂದೇ ಹಾಕಿದೆ. ಡಿಎಸ್18ಬಿ20 ಅನ್ನು ಬೋರ್ಡಿನ 18ನೇ ಪಿನ್‌ಗೆ ಹಾಕಿದ ತಕ್ಷಣ ಓದಿತು. ಅಂಗೈಯಲ್ಲಿ ಹಿಡಿದರೆ ಏರುತ್ತದೆ, ತಣ್ಣೀರಿಗೆ ಇಳಿಸಿದರೆ ಇಳಿಯುತ್ತದೆ. ಶುರುವಿನ ಮೊದಲ ರೀಡಿಂಗ್ ಮಾತ್ರ 85 ಅಂತ ಬರುತ್ತದೆ. ಚಾರ್ಜರ್ ಬದಲಾಯಿಸಿ ಕೆಪಾಸಿಟರ್ ಹಾಕಿದ ಮೇಲೆ ರಿಲೇಗೆ ರೀಸ್ಟಾರ್ಟ್ ನಿಂತಿದೆ.

ಮಣ್ಣಿನದು 34ಕ್ಕೆ ಹಾಕಿದರೂ ಸುಮ್ನೆ ಏನೇನೋ ಸಂಖ್ಯೆ ಬರುತ್ತಿದೆ. ಸೆನ್ಸರ್ ಸುಟ್ಟಿದೆಯಾ?

ಹಾಸನ_ಬೆಸುಗೆ

85 ಅನ್ನುವುದು ಆ ಚಿಪ್ ಕರೆಂಟ್ ಬಂದ ಕೂಡಲೇ ಇಟ್ಟುಕೊಂಡಿರುವ ಸಂಖ್ಯೆ. 12 ಬಿಟ್ ಅಳತೆಗೆ ಅದು 750 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಕಾಯದೆ ಓದಿದರೆ 85 ಸಿಗುತ್ತದೆ. ಮೊದಲ ರೀಡಿಂಗ್ ಬಿಟ್ಟುಬಿಡಿ.

ಮಣ್ಣಿನ ಸೆನ್ಸರ್ ಸುಟ್ಟಿದೆ ಅನ್ನುವ ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕಪ್ಪು ಕಡ್ಡಿ ಸೆನ್ಸರ್‌ನ ಗ್ರೌಂಡ್ ಕಾಲಿಗೆ, ಕೆಂಪು ಅದರ ವಿಸಿಸಿ ಕಾಲಿಗೆ. ಬೋರ್ಡಿನ ಹತ್ತಿರ ಅಲ್ಲ, ಸೆನ್ಸರ್‌ನ ಹತ್ತಿರವೇ ಅಳೆಯಿರಿ.

ಮೂಡಿಗೆರೆ_ತೋಟ

0.04 ತೋರಿಸುತ್ತಿದೆ! ಬೋರ್ಡಿನ ಹತ್ತಿರ 3.29 ಇದೆ. ಕೆಂಪು ಗೆರೆ ಇರುವ ಸಾಲಿಗೇ ಎರಡನ್ನೂ ಚುಚ್ಚಿದ್ದೇನೆ.

ಹಾಸನ_ಬೆಸುಗೆ

ಬ್ರೆಡ್‌ಬೋರ್ಡಿನ ಕೆಂಪು ಗೆರೆಯನ್ನು ಹತ್ತಿರದಿಂದ ನೋಡಿ. ಸರಿಯಾಗಿ ನಡುವಲ್ಲಿ ಒಂದು ಬೆರಳಿನಷ್ಟು ಗೆರೆ ತುಂಡಾಗಿದೆಯಾ? ಉದ್ದದ ಬ್ರೆಡ್‌ಬೋರ್ಡ್ ಕೆಲವದರಲ್ಲಿ ಒಳಗಿನ ಪಟ್ಟಿಯೂ ಅಲ್ಲೇ ತುಂಡಾಗಿರುತ್ತದೆ. ಎಡಗಡೆ ಕೊಟ್ಟ ಕರೆಂಟ್ ಬಲಗಡೆಗೆ ಹೋಗುವುದಿಲ್ಲ. ಕೆಂಪಿನ ಎರಡು ಭಾಗ ಸೇರಿಸಲು ಒಂದು ಸಣ್ಣ ವೈರ್, ನೀಲಿಯ ಎರಡು ಭಾಗ ಸೇರಿಸಲು ಇನ್ನೊಂದು. ಆಮೇಲೆ ಮೀಟರ್ ಅನ್ನು ಬೀಪ್‌ಗೆ ಇಟ್ಟು, ಬೋರ್ಡಿನ ಕರೆಂಟ್ ತೆಗೆದು, ತುದಿಯಿಂದ ತುದಿಗೆ ಮುಟ್ಟಿಸಿ ಕೇಳಿಸಿಕೊಳ್ಳಿ.

ಮೂಡಿಗೆರೆ_ತೋಟ

ತುಂಡಾಗಿತ್ತು ಸರ್. ಸೇರಿಸಿದೆ, ಬೀಪ್ ಬಂತು, ಸೆನ್ಸರ್ ಓದುತ್ತಿದೆ. ಗಾಳಿಯಲ್ಲಿ ಸಂಖ್ಯೆ ಜಾಸ್ತಿ, ನೀರಿನ ಲೋಟದಲ್ಲಿ ಕಡಿಮೆ. ಇದನ್ನು ಪರ್ಸೆಂಟ್ ಮಾಡುವುದು ಹೇಗೆ?

ಕೊಪ್ಪ_ಮಳೆ

ಗಾಳಿ ಸೊನ್ನೆ, ನೀರು ನೂರು ಅಂತ ವಿಡಿಯೋದಲ್ಲಿ ಹೇಳುತ್ತಾರೆ. ಅದು ಆಟಕ್ಕೆ ಸರಿ. ತೋಟಕ್ಕೆ ಬೇಕಾದದ್ದು ನಿಮ್ಮ ಮಣ್ಣಿನ ಲೆಕ್ಕ. ಗಿಡದ ಬುಡದ ಮಣ್ಣು ತಂದು ಚೆನ್ನಾಗಿ ಒಣಗಿಸಿ, ಡಬ್ಬಕ್ಕೆ ಒತ್ತಿ ತುಂಬಿ, ತೂಕ ಮಾಡಿ, ಸೆನ್ಸರ್ ಚುಚ್ಚಿ ಸಂಖ್ಯೆ ಬರೆದುಕೊಳ್ಳಿ. ಅಳೆದು ನೀರು ಹಾಕಿ, ಕಲಸಿ, ಮತ್ತೆ ತುಂಬಿ ಓದಿ. ನೀರು ಇನ್ನು ಹೀರುವುದಿಲ್ಲ ಅನ್ನುವವರೆಗೆ ಹೀಗೇ ಮಾಡಿದರೆ ನಿಮ್ಮದೇ ಒಂದು ಕೋಷ್ಟಕ ಸಿಗುತ್ತದೆ. ಹಿತ್ತಲಿನ ಗೋಡುಮಣ್ಣಿಗೂ ಗುಡ್ಡದ ಕೆಂಪು ಜಂಬಿಟ್ಟಿಗೂ ಒಂದೇ ಕೋಷ್ಟಕ ನಡೆಯುವುದಿಲ್ಲ.

ಸೆನ್ಸರ್ ಮೇಲಿನ ಬಿಳಿ ಗೆರೆಯವರೆಗೆ ಮಾತ್ರ ಹೂಳಿ. ಮೇಲಿನ ಚಿಪ್‌ಗಳಿಗೆ ನೀರು ತಾಗಬಾರದು. ಕತ್ತರಿಸಿದ ಅಂಚಿನಿಂದಲೂ ನೀರು ಏರುತ್ತದೆ, ಅಂಚಿಗೆ ಎರಡು ಕೋಟ್ ಉಗುರು ಬಣ್ಣ ಹಚ್ಚಿ ಒಣಗಿಸಿ. ಅಗ್ಗದ ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್ ಮಾತ್ರ ಯಾರೂ ಕೊಳ್ಳಬೇಡಿ. ಒದ್ದೆ ಮಣ್ಣಲ್ಲಿ ಕರೆಂಟ್ ಹರಿದು ಲೋಹವೇ ಕರಗಿಹೋಗುತ್ತದೆ.

ಇಸಿ_ಮೂರನೇವರ್ಷ

ಇಎಸ್‌ಪಿ32 ಎಡಿಸಿ 0ಯಿಂದ 4095ರವರೆಗೆ ಕೊಟ್ಟರೂ ಎರಡು ತುದಿಗಳಲ್ಲಿ ನೇರ ಗೆರೆ ಬರುವುದಿಲ್ಲ, ಸಂಖ್ಯೆಯೂ ಅಲುಗಾಡುತ್ತದೆ. ಹತ್ತಿಪ್ಪತ್ತು ಸಲ ಓದಿ ಸರಾಸರಿ ತೆಗೆಯಿರಿ ಅಂಕಲ್.

ಮೂಡಿಗೆರೆ_ತೋಟ

ಮಾಡುತ್ತೇನಮ್ಮ. ಈಗ ಒಂದೇ ಉಳಿದದ್ದು. ಬೋರ್ಡ್ ಅನ್ನು ಕಣದ ಶೆಡ್‌ಗೇ ಒಯ್ದೆ, ಡಿಎಚ್‌ಟಿ ವೈರ್ ಈಗ ಒಂದು ಗೇಣು. ಎರರ್ ಇಲ್ಲ. ಆದರೆ ರಾತ್ರಿ ಮಂಜು ಬಿದ್ದರೆ ತೇವ 99.9ಕ್ಕೆ ಹೋಗಿ ನಿಲ್ಲುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ಚುರ್ರೆನ್ನುತ್ತಿದ್ದರೂ 99.9 ಬಿಟ್ಟು ಇಳಿಯುವುದಿಲ್ಲ. ಮಧ್ಯಾಹ್ನ ಬಿಸಿ 44 ಡಿಗ್ರಿ ಅನ್ನುತ್ತದೆ, ನಮ್ಮೂರಲ್ಲಿ ಅಷ್ಟು ಎಲ್ಲಿಂದ?

ಹಾಸನ_ಬೆಸುಗೆ

ಎರಡಕ್ಕೂ ಸೆನ್ಸರ್ ಇಟ್ಟ ಜಾಗವೇ ಕಾರಣ. 44 ಅನ್ನುವುದು ಗಾಳಿಯ ಬಿಸಿ ಅಲ್ಲ, ಬಿಸಿಲಿಗೆ ಕಾದ ಡಬ್ಬದ ಬಿಸಿ. ಬಿಳಿ ಪ್ಲಾಸ್ಟಿಕ್ ತಟ್ಟೆ ಆರೇಳನ್ನು ಬೋರಲು ಹಾಕಿ, ಒಂದರ ಮೇಲೊಂದು ಬೆರಳಷ್ಟು ಸಂದು ಬಿಟ್ಟು, ಉದ್ದ ಬೋಲ್ಟ್‌ನಲ್ಲಿ ಪೋಣಿಸಿ. ಕೆಳಗಿನ ತಟ್ಟೆಗಳ ನಡುವೆ ತೂತು ಮಾಡಿ ಸೆನ್ಸರ್ ಅಲ್ಲಿ ನೇತುಹಾಕಿ. ಗಾಳಿ ಆಡುತ್ತದೆ, ಬಿಸಿಲು ಮಳೆ ತಾಗುವುದಿಲ್ಲ. ಕಣದ ಸಿಮೆಂಟಿನಿಂದ ಎದೆಮಟ್ಟಕ್ಕಿಂತ ಮೇಲಿರಲಿ, ಸಿಮೆಂಟ್ ತಾನೇ ಬಿಸಿ ಬಿಡುತ್ತದೆ. ಬೋರ್ಡ್ ಇರುವ ಡಬ್ಬ ಬೇರೆ ಇರಲಿ. ಇಎಸ್‌ಪಿ32 ಕೂಡ ಬಿಸಿಯಾಗುವುದರಿಂದ ಸೆನ್ಸರ್ ಜೊತೆ ಒಂದೇ ಡಬ್ಬದಲ್ಲಿ ಇಡಬಾರದು. ವೈರ್ ಡಬ್ಬದ ಅಡಿಯಿಂದ ಒಳಗೆ ಹೋಗಲಿ, ಹೋಗುವ ಮೊದಲು ಒಂದು ಸಲ ಕೆಳಗೆ ಬಾಗಿರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಮಂಜಿನ ವಿಷಯಕ್ಕೆ ಬಂದರೆ, ಡಿಎಚ್‌ಟಿ22 ಒಳಗಿನ ತೇವ ಹೀರುವ ಪದರದ ಮೇಲೆ ಹನಿ ಕೂತರೆ ಅದು ಒಣಗುವವರೆಗೆ ಕೆಳಗಿಳಿಯುವುದಿಲ್ಲ. ತಟ್ಟೆಗಳ ಒಳಗೆ ಹೋದ ಮೇಲೆ ಎಷ್ಟೋ ಸುಧಾರಿಸುತ್ತದೆ. ಪೂರ್ತಿ ಸರಿ ಆಗದಿದ್ದರೆ ಇದೇ ಕೆಲಸದ ಎಸ್‌ಎಚ್‌ಟಿ31 ಸೆನ್ಸರ್ ಕೊಳ್ಳಿ. ಅದರ ಚಿಪ್‌ನಲ್ಲೇ ಒಂದು ಸಣ್ಣ ಹೀಟರ್ ಇದೆ, ಕೋಡ್‌ನಿಂದ ಸ್ವಲ್ಪ ಹೊತ್ತು ಆನ್ ಮಾಡಿ ಒಣಗಿಸಬಹುದು. ಹೀಟರ್ ಆರಿಸಿ ತಣ್ಣಗಾದ ಮೇಲೇ ರೀಡಿಂಗ್ ತೆಗೆದುಕೊಳ್ಳಬೇಕು.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಇದು ಹೇಳುವುದು ಗಾಳಿಯ ತೇವ. ಕಾಫಿ ಬೀಜದೊಳಗಿನ ತೇವ ಅಲ್ಲ. ಪಾರ್ಚ್‌ಮೆಂಟ್ (ಪಲ್ಪಿಂಗ್ ಆಗಿ ಹೊಟ್ಟಿನ ಸಮೇತ ಒಣಗುವ ಬೀಜ) 10 ಪರ್ಸೆಂಟ್ ಹತ್ತಿರ ಬಂತಾ ಅಂತ ನೋಡಲು ಮಾಯಿಶ್ಚರ್ ಮೀಟರ್ ಬೇಕೇ ಬೇಕು. ಸಂಜೆ ರಾಶಿ ಮಾಡಿ ಟಾರ್ಪಾಲ್ ಎಷ್ಟು ಹೊತ್ತಿಗೆ ಮುಚ್ಚಬೇಕು, ಬೆಳಿಗ್ಗೆ ಎಷ್ಟು ಹೊತ್ತಿಗೆ ಹರಡಬೇಕು ಅನ್ನುವುದಕ್ಕೆ ನಿಮ್ಮ ಈ ಸೆನ್ಸರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮೂಡಿಗೆರೆ_ತೋಟ

ತಟ್ಟೆ ಇವತ್ತೇ ತರುತ್ತೇನೆ. ಎಸ್‌ಎಚ್‌ಟಿ31ಗೆ ನಾಲ್ಕು ವೈರ್ ಇದೆಯಲ್ಲ, ಅದು ಯಾವ ಪಿನ್‌ಗೆ?

ಇಸಿ_ಮೂರನೇವರ್ಷ

ಅದು ಐ2ಸಿ ಅಂಕಲ್, ಅಂದರೆ ಎರಡೇ ಸಿಗ್ನಲ್ ವೈರ್ ಮೇಲೆ ಹಲವು ಸಾಮಾನು ತಮ್ಮ ತಮ್ಮ ವಿಳಾಸದಿಂದ ಮಾತಾಡುವ ಪದ್ಧತಿ. ವಿಐಎನ್ 3.3 ವೋಲ್ಟ್‌ಗೆ, ಗ್ರೌಂಡ್ ಗ್ರೌಂಡ್‌ಗೆ, ಎಸ್‌ಡಿಎ 21ಕ್ಕೆ, ಎಸ್‌ಸಿಎಲ್ 22ಕ್ಕೆ. ವೈರ್ ಒಂದು ಮೀಟರ್ ಒಳಗಿರಲಿ. ಮೊದಲು ಐ2ಸಿ ಸ್ಕ್ಯಾನರ್ ಪ್ರೋಗ್ರಾಮ್ ಓಡಿಸಿ, ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದ ಸಂಖ್ಯೆ) 44 ಅಂತ ವಿಳಾಸ ಬರಬೇಕು, ಕೆಲವು ಮಾಡ್ಯೂಲ್‌ನಲ್ಲಿ 45. ಏನೂ ಬರದಿದ್ದರೆ 21, 22 ಅದಲುಬದಲಾಗಿದೆಯಾ ನೋಡಿ. ಮುಂದೆ ಅದೇ ಎರಡು ವೈರ್ ಮೇಲೆ ಹೆಕ್ಸ್ 3ಸಿ ವಿಳಾಸದ ಸಣ್ಣ ಓಎಲ್‌ಇಡಿ ಪರದೆಯನ್ನೂ ಸೇರಿಸಬಹುದು, ಕಣದಲ್ಲಿ ಕೆಲಸ ಮಾಡುವವರಿಗೆ ಫೋನ್ ಇಲ್ಲದೆಯೂ ಕಾಣುತ್ತದೆ.